ಬೆಲ್ಜಿಯಂ: ಸಣ್ಣ ದೇಶ, ಉದ್ದನೆ ಕೈ

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತಿನ ಬರಹರೂಪ)



ಯುರೋಪಿನ ಭೂಪಟ ಬಿಚ್ಚಿ ಅದರ ಪಶ್ಚಿಮದ ಅಂಚಿನಲ್ಲಿ ಬೆರಳಿಟ್ಟು ನೋಡಿ. ಕೆಳಗೆ ಫ್ರಾನ್ಸು, ಮೇಲೆ ಹಾಲೆಂಡು, ಬಲಕ್ಕೆ ಜರ್ಮನಿ ಮತ್ತು ಪುಟಾಣಿ ಲಕ್ಸೆಂಬರ್ಗು. ಇವುಗಳ ನಡುವೆ ಒತ್ತರಿಸಿಕೊಂಡು ಕೂತಿರೋ ಒಂದು ತುಂಡು ನೆಲವೇ ಬೆಲ್ಜಿಯಂ. ಸುಮಾರು 30,700 ಚದರ ಕಿಲೋಮೀಟರು. ನಮ್ಮ ಕರ್ನಾಟಕದೊಳಗೆ ಆರು ಬೆಲ್ಜಿಯಂ ಹಾಸಿದರೂ ಇನ್ನೂ ಜಾಗ ಉಳಿಯುತ್ತೆ. ಜನ ಒಂದು ಕೋಟಿ ಹದಿನೇಳು ಲಕ್ಷದ ಆಸುಪಾಸು. ಬೆಂಗಳೂರು ಒಂದೇ ಅದಕ್ಕೆ ಸಾಟಿ ನಿಲ್ಲುತ್ತೆ.

ಇಷ್ಟು ಸಣ್ಣ ದೇಶದ ಬಗ್ಗೆ ಒಂದು ಗಂಟೆ ಮಾತಾಡೋಕೆ ಏನಿದೆ ಅಂತ ನಿಮಗೆ ಅನ್ನಿಸಬಹುದು. ಎನ್‌ಸಿಇಆರ್‌ಟಿಯ ಹತ್ತನೆ ತರಗತಿ ಪುಸ್ತಕ ಓದಿದವರಿಗೆ ಬೆಲ್ಜಿಯಂ ಗೊತ್ತು. ಅಧಿಕಾರ ಹಂಚಿಕೆ ಅನ್ನೋ ಪಾಠದಲ್ಲಿ ಅದು ಭಾಷೆಯ ಜಗಳವನ್ನು ಜಾಣತನದಿಂದ ಬಗೆಹರಿಸಿಕೊಂಡ ಒಳ್ಳೆಯ ದೇಶ. ಆ ಪಾಠ ಸುಳ್ಳಲ್ಲ. ಆದರೆ ಮನೆಯೊಳಗೆ ಅಣ್ಣತಮ್ಮಂದಿರು ಹೇಗೆ ಪಾಲು ಹಂಚಿಕೊಂಡರು ಅನ್ನೋದು ಒಂದು ಕತೆ. ಹಂಚಿಕೊಂಡ ಆಸ್ತಿ ಎಲ್ಲಿಂದ ಬಂತು ಅನ್ನೋದು ಇನ್ನೊಂದು ಕತೆ. ನಮಗೆ ಎರಡನೆಯದು ಹೆಚ್ಚು ಬೇಕು. ಅದಕ್ಕೆ ಮೊದಲನೆಯದನ್ನು ಬೇಗ ಹೇಳಿಬಿಡ್ತೀವಿ.

1830ರ ಆಗಸ್ಟ್ 25ರ ರಾತ್ರಿ ಬ್ರಸೆಲ್ಸ್ ಊರಿನ ನಾಟಕಶಾಲೆಯಲ್ಲಿ ಒಂದು ಸಂಗೀತ ನಾಟಕ ನಡೀತಿತ್ತು. ನೇಪಲ್ಸ್‌ನ ಬೆಸ್ತರು ಸ್ಪೇನಿನ ಆಳ್ವಿಕೆ ಮೇಲೆ ದಂಗೆ ಏಳುವ ಕತೆ. ನೋಡ್ತಾ ಕೂತಿದ್ದ ಜನ ಎದ್ದು ಬೀದಿಗೆ ಬಂದರು. ಡಚ್ ದೊರೆಯ ಕೈಯಿಂದ ಬೆಲ್ಜಿಯಂ ಬಿಡಿಸಿಕೊಂಡ ಹೋರಾಟ ಹೀಗೆ ಹೊತ್ತಿಕೊಂಡಿತು. ಇಲ್ಲಿ ಬೀದಿನಾಟಕ ಆಡೋರು ಕೆಲವರಿದ್ದೀರಿ, ಇದನ್ನು ತಲೆಯಲ್ಲಿ ಇಟ್ಟುಕೊಳ್ಳಿ. ಆದರೆ ಬೀದಿಯಲ್ಲಿ ಸತ್ತವರು ಹೆಚ್ಚಾಗಿ ಕೂಲಿಕಾರರು, ಗದ್ದುಗೆ ಹತ್ತಿದವರು ಬೇರೆಯವರು. 1831ರಲ್ಲಿ ಜರ್ಮನ್ ರಾಜಮನೆತನದ ಒಬ್ಬನನ್ನು ಕರೆತಂದು ಒಂದನೆ ಲಿಯೋಪೋಲ್ಡ್ ಅಂತ ಪಟ್ಟ ಕಟ್ಟಿದರು.

ನೆಲದಡಿ ಕಲ್ಲಿದ್ದಲಿತ್ತು. ಇಂಗ್ಲೆಂಡ್ ಬಿಟ್ಟರೆ ಯುರೋಪಿನಲ್ಲಿ ಮೊದಲು ಕಾರ್ಖಾನೆ ಹೊಗೆ ಕಂಡ ದೇಶ ಇದೇ. ಇಂಗ್ಲೆಂಡಿನಾಚೆಗೆ ಯುರೋಪಿನ ನೆಲದ ಮೇಲೆ ಜನರನ್ನು ಕೂರಿಸಿಕೊಂಡು ಓಡಿದ ಮೊದಲ ಉಗಿಬಂಡಿ 1835ರಲ್ಲಿ ಬ್ರಸೆಲ್ಸ್‌ನಿಂದ ಮೆಖೆಲೆನ್‌ಗೆ ಹೋಯಿತು. ಲಿಯೇಜ್, ಶಾರ್ಲರ್ವಾ, ಬೋರಿನಾಜ್, ಎಲ್ಲಾ ಗಣಿ ಸೀಮೆ. ಕಾರ್ಖಾನೆಯಲ್ಲಿ ಹನ್ನೆರಡು ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದು ಅನ್ನೋ ಕಾನೂನು ಬಂದದ್ದು 1889ರಲ್ಲಿ! ಕಾರ್ಲ್ ಮಾರ್ಕ್ಸ್ 1845ರಿಂದ 1848ರವರೆಗೆ ಇದ್ದದ್ದು ಬ್ರಸೆಲ್ಸ್‌ನಲ್ಲೇ, ಕಮ್ಯುನಿಸ್ಟ್ ಪ್ರಣಾಳಿಕೆ ಬರೆದದ್ದೂ ಅಲ್ಲೇ. 1848ರ ಮಾರ್ಚ್‌ನಲ್ಲಿ ಅವರನ್ನು ದೇಶ ಬಿಡಿಸಿದರು.

ಓಟಿನ ಕತೆ ಕೇಳಿ. 1893ರಲ್ಲಿ ಕೂಲಿಕಾರರು ದೇಶವೆಲ್ಲ ಮುಷ್ಕರ ಹೂಡಿದ ಮೇಲೆ ಎಲ್ಲ ಗಂಡಸರಿಗೂ ಓಟು ಕೊಟ್ಟರು. ಕೊಟ್ಟರು, ಆದರೆ ಹೇಗೆ? ಕೂಲಿಯವನಿಗೆ ಒಂದು ಓಟು. ಆಸ್ತಿ, ತೆರಿಗೆ ಇದ್ದವನಿಗೆ ಮೇಲೊಂದು. ಉನ್ನತ ಶಿಕ್ಷಣದ ಸರ್ಟಿಫಿಕೇಟು ಇದ್ದವನಿಗೆ ಮೇಲೆರಡು. ಒಬ್ಬನಿಗೆ ಮೂರರ ತನಕ. ಇಲ್ಲಿ ಲೆಕ್ಕ ಹಾಕಿದರೆ ಬಿ.ಎ. ಮುಗಿಸಿದ ನಮಗೆ ಮೂರು ಓಟು, ನಮ್ಮನ್ನು ಓದಿಸೋಕೆ ಕೂಲಿ ಮಾಡಿದ ಅಪ್ಪನಿಗೆ ಒಂದು, ಅವ್ವನಿಗೆ ಏನೂ ಇಲ್ಲ. ಗಂಡಸರಿಗೆ ತಲೆಗೊಂದೇ ಓಟು ಆದದ್ದು 1919ರಲ್ಲಿ. ಪಾರ್ಲಿಮೆಂಟಿನ ಚುನಾವಣೆಯಲ್ಲಿ ಹೆಂಗಸರೆಲ್ಲರಿಗೂ ಓಟು ಬಂದದ್ದು 1948ರಲ್ಲಿ.

ಭಾಷೆ. ಉತ್ತರದ ಫ್ಲಾಂಡರ್ಸ್‌ನವರು ಡಚ್ ಆಡ್ತಾರೆ, ಅವರೇ ಹೆಚ್ಚು ಮಂದಿ. ದಕ್ಷಿಣದ ವಲೋನಿಯಾದವರು ಫ್ರೆಂಚ್. ಪೂರ್ವದ ಮೂಲೆಯಲ್ಲಿ ಸ್ವಲ್ಪ ಜರ್ಮನ್. ಹೆಚ್ಚು ಮಂದಿ ಆಡೋ ಮಾತು ರೈತರ ಮಾತು, ಆಳುಗಳ ಮಾತು ಅಂತಾಗಿತ್ತು. ಕೋರ್ಟು, ಕಚೇರಿ, ಸೈನ್ಯ, ಕಾಲೇಜು ಎಲ್ಲಾ ಫ್ರೆಂಚ್. ಕಾನೂನಿನಲ್ಲಿ ಡಚ್‌ಗೆ ಸಮಾನ ಸ್ಥಾನ ಸಿಕ್ಕಿದ್ದು 1898ರಲ್ಲಿ, ಗೆಂಟ್ ವಿಶ್ವವಿದ್ಯಾನಿಲಯ ಡಚ್ ಮಾಧ್ಯಮ ಆದದ್ದು 1930ರಲ್ಲಿ. 1968ರಲ್ಲಿ ಲ್ಯೂವೆನ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಎಬ್ಬಿಸಿದ ಗಲಾಟೆಗೆ ಸರ್ಕಾರವೇ ಬಿತ್ತು. ಆಮೇಲೆ ಆ ಹಳೇ ವಿಶ್ವವಿದ್ಯಾನಿಲಯವನ್ನು ಎರಡಾಗಿ ಸೀಳಿದರು, ಫ್ರೆಂಚ್ ಭಾಗಕ್ಕೆ ಬೇರೆ ಊರನ್ನೇ ಕಟ್ಟಿದರು. 1970ರಿಂದ ಸಂವಿಧಾನ ತಿದ್ದುತ್ತಾ ತಿದ್ದುತ್ತಾ 1993ರ ಹೊತ್ತಿಗೆ ಒಕ್ಕೂಟ ರಾಜ್ಯವಾಯಿತು. ಇಷ್ಟಾಗಿಯೂ ಜಗಳ ತೀರಲಿಲ್ಲ. 2010ರ ಚುನಾವಣೆ ಆದ ಮೇಲೆ 541 ದಿನ ಹೊಸ ಸರ್ಕಾರ ರಚನೆಯಾಗಲಿಲ್ಲ. ರೈಲು ಓಡ್ತಿತ್ತು, ಸಂಬಳ ಬರ್ತಿತ್ತು. ಅಷ್ಟು ಗಟ್ಟಿ ಬುನಾದಿ. ಆ ಬುನಾದಿಯ ಒಂದು ಪಾಲು ಎಲ್ಲಿಯದು ಅಂತ ಈಗ ನೋಡೋಣ.

1865ರಲ್ಲಿ ಎರಡನೆ ಲಿಯೋಪೋಲ್ಡ್ ಪಟ್ಟಕ್ಕೆ ಬಂದ. ತನ್ನ ದೇಶ ಸಣ್ಣದು ಅನ್ನೋ ಹೊಟ್ಟೆಕಿಚ್ಚು ಅವನಿಗೆ. ಒಂದು ವಸಾಹತು ಬೇಕಿತ್ತು, ಅಲ್ಲಿ ಇಲ್ಲಿ ಕೊಳ್ಳೋಕೆ ನೋಡಿದ, ಸಿಗಲಿಲ್ಲ. ಕೊನೆಗೆ ಕಣ್ಣು ಆಫ್ರಿಕಾದ ನಡುಮಧ್ಯೆ ಕಾಂಗೋ ನದಿಯ ಸೀಮೆ ಮೇಲೆ ಬಿತ್ತು. ಕಿತ್ತುಕೊಳ್ಳೋಕೆ ಹೋಗ್ತೀನಿ ಅಂತ ಅವನು ಹೇಳಲಿಲ್ಲ. ಗುಲಾಮರ ವ್ಯಾಪಾರ ನಿಲ್ಲಿಸ್ತೀನಿ, ನಾಗರಿಕತೆ ಕೊಡ್ತೀನಿ, ವಿಜ್ಞಾನ ಬೆಳೆಸ್ತೀನಿ ಅಂದ. 1876ರಲ್ಲಿ ಅರಮನೆಯಲ್ಲಿ ದೊಡ್ಡ ಸಮ್ಮೇಳನ ಮಾಡಿಸಿದ. ಸ್ಟಾನ್ಲಿ ಅನ್ನೋ ಸಂಚಾರಿಯನ್ನು ಸಂಬಳಕ್ಕಿಟ್ಟುಕೊಂಡು ಊರೂರಿನ ಮುಖಂಡರಿಂದ ನೂರಾರು ಕಾಗದಕ್ಕೆ ಗುರುತು ಹಾಕಿಸಿಕೊಂಡ. ಆ ಕಾಗದದ ಭಾಷೆ ಗುರುತು ಹಾಕಿದವರಿಗೆ ಬರುತ್ತಿರಲಿಲ್ಲ. ಕೊಟ್ಟದ್ದು ಬಟ್ಟೆ, ಒಂದಿಷ್ಟು ಸಾಮಾನು. ಬರೆಸಿಕೊಂಡದ್ದು ನೆಲ, ನೀರು, ಕಾಡು. ಸಾಹುಕಾರನ ಹತ್ತಿರ ಹೆಬ್ಬೆಟ್ಟು ಒತ್ತಿ ಹೊಲ ಕಳಕೊಂಡ ಮನೆಗಳಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1884–85ರಲ್ಲಿ ಬರ್ಲಿನ್‌ನಲ್ಲಿ ಬಿಳಿ ದೇಶಗಳು ಮೇಜಿನ ಸುತ್ತ ಕೂತು ಆಫ್ರಿಕಾಕ್ಕೆ ಗೆರೆ ಎಳೆದವು. ಒಬ್ಬನೇ ಒಬ್ಬ ಆಫ್ರಿಕಾದವನು ಅಲ್ಲಿರಲಿಲ್ಲ. ಆ ಹೊತ್ತಿಗೆ ಕಾಂಗೋ ಲಿಯೋಪೋಲ್ಡನ ಕೈಗೆ ಬಂತು. ಬೆಲ್ಜಿಯಂ ದೇಶಕ್ಕಲ್ಲ, ಗಮನಿಸಿ, ಲಿಯೋಪೋಲ್ಡನಿಗೆ. ಅವನ ಸ್ವಂತ ಜಮೀನು. ಬೆಲ್ಜಿಯಂನ 76 ಪಟ್ಟು, ಕರ್ನಾಟಕದ 12 ಪಟ್ಟು ದೊಡ್ಡ ಜಮೀನು. ಇಟ್ಟ ಹೆಸರು 'ಕಾಂಗೋ ಸ್ವತಂತ್ರ ರಾಜ್ಯ'! ಅವನು ಸಾಯೋವರೆಗೂ ಒಂದು ಸಲವೂ ಆ ನೆಲಕ್ಕೆ ಕಾಲಿಡಲಿಲ್ಲ.

ಮೊದಮೊದಲು ಆನೆದಂತ. 1888ರಲ್ಲಿ ಡನ್‌ಲಪ್ ಗಾಳಿ ತುಂಬುವ ಟೈರು ಮಾಡಿದ ಮೇಲೆ ಲೋಕಕ್ಕೆಲ್ಲ ರಬ್ಬರ್ ಬೇಕಾಯಿತು. ಕಾಂಗೋದಲ್ಲಿ ರಬ್ಬರ್ ತೋಟ ಇರಲಿಲ್ಲ, ಕಾಡುಬಳ್ಳಿ ಇತ್ತು. ಆ ಬಳ್ಳಿ ಹುಡುಕಿ ಗಂಡಸರು ದಿನಗಟ್ಟಲೆ ಕಾಡಿನೊಳಗೆ ಹೋಗಬೇಕು. ಹಾಲನ್ನು ಮೈಗೆ ಬಳಿದುಕೊಂಡು ಒಣಗಿಸಬೇಕು, ಒಣಗಿದ ಮೇಲೆ ಮೈಕೂದಲ ಸಮೇತ ಕಿತ್ತು ತೆಗೆಯಬೇಕು. ಊರಿಗಿಷ್ಟು ತೂಕ ಅಂತ ಹೊರೆಸಿದ್ದರು. ಗಂಡಸರು ಕಾಡಿಗೆ ಹೋಗಲಿ ಅಂತ ಅವರ ಹೆಂಡಿರು ಮಕ್ಕಳನ್ನು ಕೂಡಿಹಾಕಿದರು. ತೂಕ ಕಡಿಮೆಯಾದರೆ ನೀರಾನೆ ತೊಗಲಿನ ಚಾವಟಿ. ಎದುರಾಡಿದರೆ ಗುಂಡು. ಇದಕ್ಕೆಂದೇ 'ಫೋರ್ಸ್ ಪ್ಯೂಬ್ಲಿಕ್' ಅಂತ ಒಂದು ಸೈನ್ಯ: ಅಧಿಕಾರಿಗಳು ಬಿಳಿಯರು, ಸಿಪಾಯಿಗಳು ಅದೇ ನೆಲದ ಕರಿಯರು. ನಮ್ಮವರ ಕೈಯಿಂದಲೇ ನಮ್ಮವರನ್ನು ಹೊಡೆಸೋ ವಿದ್ಯೆ ಎಲ್ಲಾ ಧಣಿಗಳಿಗೂ ಗೊತ್ತು.

ಆ ಸಿಪಾಯಿ ಗುಂಡನ್ನು ಬೇಟೆಗೆ ಬಳಸಿಕೊಂಡಾನು ಅಂತ ಅಧಿಕಾರಿಗೆ ಅನುಮಾನ. ಅದಕ್ಕೆ ಒಂದು ಗುಂಡಿಗೆ ಒಂದು ಕೈ ಲೆಕ್ಕ ತೋರಿಸಬೇಕು. ಸತ್ತವನ ಬಲಗೈ. ಗುಂಡು ಗುರಿ ತಪ್ಪಿದರೆ ಬದುಕಿದ್ದವರ ಕೈ. ಕೆಡದ ಹಾಗೆ ಹೊಗೆಯಲ್ಲಿ ಒಣಗಿಸಿದ ಕೈಗಳು ಬುಟ್ಟಿಯಲ್ಲಿ ಬಂದವು. 1904ರಲ್ಲಿ ಆಲಿಸ್ ಸೀಲಿ ಹ್ಯಾರಿಸ್ ಅನ್ನೋ ಮಿಷನರಿ ಹೆಂಗಸು ತೆಗೆದ ಒಂದು ಫೋಟೋ ಇದೆ. ನ್ಸಾಲ ಅನ್ನುವಾತ ಜಗಲಿಯ ಅಂಚಿಗೆ ಕೂತಿದ್ದಾರೆ. ಮುಂದೆ ನೆಲದ ಮೇಲೆ ಅವರ ಪುಟ್ಟ ಮಗಳ ಒಂದು ಕೈ, ಒಂದು ಪಾದ. ಅವರು ಅಳ್ತಾ ಇಲ್ಲ. ನೋಡ್ತಾ ಇದ್ದಾರೆ. ಆ ಫೋಟೋ ಬಗ್ಗೆ ಕವಿತೆ ಬರೆಯೋಕೆ ಕೂತು ಹಾಳೆ ಹರಿದಿದ್ದೀವಿ.

ಎಷ್ಟು ಜನ ಸತ್ತರು? ಒಂದು ಕೋಟಿ ಜನ ಕಡಿಮೆಯಾದರು ಅನ್ನೋ ಅಂದಾಜಿದೆ, ಅಷ್ಟಿಲ್ಲ ಅನ್ನೋ ಇತಿಹಾಸಕಾರರೂ ಇದ್ದಾರೆ. ಗುಂಡು, ಹಸಿವು, ನಿದ್ದೆರೋಗ, ಹುಟ್ಟದೇ ಹೋದ ಕೂಸುಗಳು, ಎಲ್ಲಾ ಸೇರಿದ ಲೆಕ್ಕ ಅದು. ರಬ್ಬರನ್ನು ಕಿಲೋ ಕಿಲೋ ತೂಗಿ ಬರೆದಿಟ್ಟರು, ಜನರನ್ನು ಎಣಿಸಿದವರು ಯಾರೂ ಇರಲಿಲ್ಲ.

ಲೋಕಕ್ಕೆ ಇದು ತಿಳಿದದ್ದು ಹೇಗೆ? ಮೊದಲು ಕೂಗಿದವರು ಒಬ್ಬ ಕರಿಯ: ಜಾರ್ಜ್ ವಾಷಿಂಗ್ಟನ್ ವಿಲಿಯಮ್ಸ್, ಅಮೆರಿಕದ ನೀಗ್ರೋ ಜನರ ಇತಿಹಾಸ ಬರೆದವರು. 1890ರಲ್ಲೇ ಕಾಂಗೋ ಸುತ್ತಿ ಲಿಯೋಪೋಲ್ಡನಿಗೆ ಬಹಿರಂಗ ಪತ್ರ ಬರೆದರು. ಮಾರನೆ ವರ್ಷ ತೀರಿಕೊಂಡರು. ಅವರ ಕೂಗು ಯಾರಿಗೂ ಕೇಳಿಸಲಿಲ್ಲ. ಆಮೇಲೆ ಎಡ್ಮಂಡ್ ಮೊರೆಲ್ ಅನ್ನೋ ಹಡಗು ಕಂಪನಿ ಗುಮಾಸ್ತ ಆಂಟ್‌ವರ್ಪ್ ಬಂದರಿನಲ್ಲಿ ನಿಂತು ಲೆಕ್ಕದ ಪುಸ್ತಕ ನೋಡಿದ. ಬರೋ ಹಡಗಿನ ತುಂಬ ರಬ್ಬರು, ದಂತ. ಹೋಗೋ ಹಡಗಿನಲ್ಲಿ ಬಂದೂಕು, ಮದ್ದುಗುಂಡು, ಸೈನಿಕ ಅಧಿಕಾರಿಗಳು. ವ್ಯಾಪಾರ ಅಂದ್ರೆ ಕೊಟ್ಟು ತಗೊಳ್ಳೋದು, ಇಲ್ಲಿ ಕೊಡೋ ಸಾಮಾನು ಎಲ್ಲಿ? ಹಾಗಾದ್ರೆ ಇದು ಜೀತ. ಕೂತಲ್ಲೇ ಅವನಿಗೆ ಇದು ಹೊಳೀತು. ಅರ್ಥಶಾಸ್ತ್ರ ಬರೀ ಪರೀಕ್ಷೆಗೆ ಅಂತ ಓದೋ ಗೆಳೆಯರು ಈ ಗುಮಾಸ್ತನನ್ನು ಮರೀಬಾರದು. 1904ರಲ್ಲಿ ಬ್ರಿಟಿಷ್ ಅಧಿಕಾರಿ ರೋಜರ್ ಕೇಸ್‌ಮೆಂಟ್ ವರದಿ ಬಂತು. ಗಲಾಟೆ ಜೋರಾಗಿ 1908ರಲ್ಲಿ ಬೆಲ್ಜಿಯಂ ಸರ್ಕಾರ ರಾಜನಿಂದ ಕಾಂಗೋವನ್ನು ತನ್ನ ವಶಕ್ಕೆ ತಗೊಂಡಿತು. ಕೊಡೋ ಮುಂಚೆ ಲಿಯೋಪೋಲ್ಡ್ ಕಡತಗಳನ್ನೆಲ್ಲ ಸುಡಿಸಿದ.

ಅದೇ ಆಂಟ್‌ವರ್ಪಿನ ಗುರುತೇನು ಗೊತ್ತಾ? ಕೈ. ಹೊಳೆ ದಾಟುವಾಗ ಸುಂಕ ಕೊಡದ ದೋಣಿಯವರ ಕೈ ಕಡೀತಿದ್ದ ಒಬ್ಬ ರಾಕ್ಷಸನಂತೆ, ಅವನ ಕೈಯನ್ನೇ ಕಡಿದು ಹೊಳೆಗೆಸೆದ ಒಬ್ಬ ವೀರನಂತೆ. ಕಾಂಗೋಗಿಂತ ಎಷ್ಟೋ ಹಳೇ ಕತೆ ಅದು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಊರಿನ ಲಾಂಛನದಲ್ಲಿ ಕೈ ಇದೆ, ಅಂಗಡಿಯಲ್ಲಿ ಕೈ ಆಕಾರದ ಬಿಸ್ಕತ್ತು, ಚಾಕಲೇಟು ಮಾರ್ತಾರೆ. ರಬ್ಬರ್ ಇಳಿದದ್ದು ಆ ಊರಿನಲ್ಲಿ. ಅಷ್ಟೇ ಹೇಳ್ತೀವಿ.

1897ರಲ್ಲಿ ಬ್ರಸೆಲ್ಸ್ ಪಕ್ಕದ ತೆರ್ವುರೆನ್‌ನಲ್ಲಿ ಪ್ರದರ್ಶನ ಇಟ್ಟರು. 267 ಮಂದಿ ಕಾಂಗೋ ಜನರನ್ನು ತಂದು ಬೇಲಿಯೊಳಗೆ ಗುಡಿಸಲು ಹಾಕಿಸಿ ತೋರಿಸಿದರು. ಏಳು ಜನ ಅಲ್ಲೇ ಸತ್ತರು. ಆ ಜಾಗವೇ ಮುಂದೆ ಆಫ್ರಿಕಾ ಮ್ಯೂಸಿಯಂ ಆಯಿತು.

1908ರ ಮೇಲೆ ಕೈ ಕಡಿಯೋದು ನಿಂತಿತು, ಗಣಿ ತೋಡೋದು ಶುರುವಾಯಿತು. ಕಟಾಂಗ ಸೀಮೆಯ ತಾಮ್ರಕ್ಕೆ ಯೂನಿಯನ್ ಮಿನಿಯೇರ್ ಕಂಪನಿ. ಶಿಂಕೊಲೊಬ್ವೆ ಗಣಿಯ ಯುರೇನಿಯಂ ಅಮೆರಿಕಕ್ಕೆ ಹೋಯಿತು. ಹಿರೋಷಿಮಾ ಬಾಂಬಿನ ಯುರೇನಿಯಂನಲ್ಲಿ ಬಹುಪಾಲು ಅಲ್ಲಿಯದು. ಮಿಷನ್ ಶಾಲೆಗಳಿದ್ದವು, ಪ್ರಾಥಮಿಕ ಓದು ಬೇಕಾದಷ್ಟು ಕೊಟ್ಟರು. ಕೂಲಿಗೆ, ಗುಮಾಸ್ತಿಕೆಗೆ ಎಷ್ಟು ಬೇಕೋ ಅಷ್ಟು. 1960ರಲ್ಲಿ ಸ್ವಾತಂತ್ರ್ಯ ಬಂದಾಗ ಅಷ್ಟು ದೊಡ್ಡ ದೇಶದಲ್ಲಿ ಪದವಿ ಮುಗಿಸಿದ ಕಾಂಗೋದವರು ಮೂವತ್ತೂ ಇರಲಿಲ್ಲ. ಈ ಕೋಣೆಯಲ್ಲಿ ಕೂತಿರೋರು ಅದಕ್ಕಿಂತ ಹೆಚ್ಚಿದ್ದೀರಿ.

ಸ್ವಲ್ಪ ಓದಿದವರಿಗೆ ಒಂದು ಕಾರ್ಡು ಇತ್ತು. 'ಎವೊಲುಯೆ', ಅಂದ್ರೆ ಮೇಲಕ್ಕೆ ಬೆಳೆದವನು. ಅದಕ್ಕೆ ಅರ್ಜಿ ಹಾಕಿದರೆ ಅಧಿಕಾರಿಗಳು ಮನೆಗೆ ಬಂದು ನೋಡ್ತಿದ್ದರು. ಕಕ್ಕಸು ಶುದ್ಧವಾಗಿದೆಯಾ, ಗಂಡ ಹೆಂಡತಿ ಮಕ್ಕಳು ಒಟ್ಟಿಗೆ ಮೇಜಿನ ಮೇಲೆ ಉಣ್ತಾರಾ, ಚಮಚ ಮುಳ್ಳುಚಮಚ ಹಿಡಿಯೋಕೆ ಬರುತ್ತಾ. ಲಕ್ಷಲಕ್ಷ ಜನರಲ್ಲಿ ಕೆಲವು ನೂರು ಮಂದಿಗೆ ಆ ಕಾರ್ಡು ಸಿಕ್ಕಿತು. ಸಿಕ್ಕರೂ ಬಿಳಿಯನ ಸಮಾನ ಆಗಲಿಲ್ಲ. ಆ ಕಾರ್ಡಿಗೆ ಅರ್ಜಿ ಹಾಕಿ, ಮೊದಲು ತಿರಸ್ಕಾರ ಕಂಡು, ಆಮೇಲೆ ಪಡೆದವರಲ್ಲಿ ಒಬ್ಬರು ಪೋಸ್ಟಾಫೀಸಿನ ಗುಮಾಸ್ತರಾಗಿದ್ದ ಪ್ಯಾಟ್ರಿಸ್ ಲುಮುಂಬ.

ಲುಮುಂಬ ಹುಟ್ಟಿದ್ದು 1925ರಲ್ಲಿ, ಕಸಾಯ್ ಸೀಮೆಯ ಒಂದು ಹಳ್ಳಿಯಲ್ಲಿ. ಮಿಷನ್ ಶಾಲೆಯಲ್ಲಿ ಕಲಿತರು, ಉಳಿದದ್ದನ್ನು ತಾವೇ ಓದಿಕೊಂಡರು, ಕವಿತೆ ಬರೆದರು, ಜೈಲು ಕಂಡರು. 35 ತುಂಬೋ ಮುಂಚೆ ದೇಶದ ಮೊದಲ ಪ್ರಧಾನಿಯಾದರು. 1960ರ ಜೂನ್ 30, ಸ್ವಾತಂತ್ರ್ಯದ ಸಮಾರಂಭ. ಬೆಲ್ಜಿಯಂನ ರಾಜ ಬೋದ್ವಾಂ ಎದ್ದು ನಿಂತು ಲಿಯೋಪೋಲ್ಡನ ಪ್ರತಿಭೆಯನ್ನು ಹೊಗಳಿದ, ಕೊಟ್ಟದ್ದನ್ನು ಜೋಪಾನ ಮಾಡಿ ಅಂತ ಬುದ್ಧಿ ಹೇಳಿದ. ಕಾರ್ಯಕ್ರಮದ ಪಟ್ಟಿಯಲ್ಲಿ ಲುಮುಂಬರ ಹೆಸರೇ ಇರಲಿಲ್ಲ. ಅವರು ಎದ್ದರು, ಮಾತಾಡಿದರು. ಇದು ದಾನ ಅಲ್ಲ, ಹೋರಾಡಿ ಪಡೆದದ್ದು ಅಂದರು. ತಿಂದ ಏಟುಗಳ ಪಟ್ಟಿ ಒಪ್ಪಿಸಿದರು. ಅದರಲ್ಲಿ ಒಂದು ಮಾತು ಕನ್ನಡದವರಿಗೆ ತಟ್ಟಂತ ಅರ್ಥ ಆಗುತ್ತೆ, ಇಂಗ್ಲಿಷಿನವರಿಗೆ ಅಷ್ಟು ಆಗೋದಿಲ್ಲ. ಫ್ರೆಂಚಿನಲ್ಲಿ ನಮ್ಮ ಹಾಗೇ ಏಕವಚನ, ಬಹುವಚನ ಇದೆ. ಕರಿಯರನ್ನು 'ನೀನು' ಅಂದರು, ಸ್ನೇಹಕ್ಕಲ್ಲ, ಮರ್ಯಾದೆಯ 'ನೀವು' ಬಿಳಿಯರಿಗೆ ಮಾತ್ರ ಅಂತ. ರಾಜನ ಮುಖಕ್ಕೆ ಇದನ್ನು ಹೇಳಿದರು. ಗೌಡನ ಹಟ್ಟಿ ಮುಂದೆ ನಿಂತ ಅಜ್ಜನನ್ನು ಗೌಡನ ಹತ್ತು ವರ್ಷದ ಮಗ 'ಬಾರೋ' ಅಂದದ್ದನ್ನು ಕೇಳಿ ಬೆಳೆದವರು ನಾವು. ಈ ಮಾತಿನಲ್ಲಿ ಲುಮುಂಬರಿಗೆ ಬಹುವಚನ, ಲಿಯೋಪೋಲ್ಡನಿಗೆ ಏಕವಚನ ಹಾಕಿರೋದು ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಎರಡು ವಾರದೊಳಗೆ, ಜುಲೈ 11ಕ್ಕೆ, ಗಣಿಗಳ ಸೀಮೆ ಕಟಾಂಗ ತಾನು ಬೇರೆ ದೇಶ ಅಂತ ಸಾರಿತು. ಹಿಂದೆ ನಿಂತದ್ದು ಬೆಲ್ಜಿಯಂ ಸೈನ್ಯ, ಗಣಿ ಕಂಪನಿಯ ದುಡ್ಡು. ಸೆಪ್ಟೆಂಬರಿನಲ್ಲಿ ಲುಮುಂಬರನ್ನು ಪದವಿಯಿಂದ ಇಳಿಸಿದರು, ಡಿಸೆಂಬರಿನಲ್ಲಿ ಹಿಡಿದರು. ಅಮೆರಿಕದ ಸಿಐಎ ಅವರನ್ನು ಕೊಲ್ಲೋಕೆ ವಿಷವನ್ನೇ ಕಳಿಸಿತ್ತು, ಅದು ಬಳಕೆಯಾಗಲಿಲ್ಲ. 1961ರ ಜನವರಿ 17ರಂದು ಕಟ್ಟಿಹಾಕಿ ಕಟಾಂಗಕ್ಕೆ ಸಾಗಿಸಿ, ಅದೇ ರಾತ್ರಿ ಇಬ್ಬರು ಸಂಗಾತಿಗಳ ಜೊತೆ ಮರಕ್ಕೆ ನಿಲ್ಲಿಸಿ ಗುಂಡು ಹೊಡೆದರು. ಕಟಾಂಗದ ಸಿಪಾಯಿಗಳು, ಜೊತೆಗೆ ಬೆಲ್ಜಿಯಂ ಅಧಿಕಾರಿಗಳು. ಹೆಣ ಸಿಕ್ಕರೆ ಗೋರಿ ಆಗುತ್ತೆ, ಗೋರಿ ಇದ್ದರೆ ಜನ ಸೇರ್ತಾರೆ. ಅದಕ್ಕೆ ಒಬ್ಬ ಬೆಲ್ಜಿಯಂ ಪೊಲೀಸ್ ಅಧಿಕಾರಿ ಆ ದೇಹವನ್ನು ಕೊಯ್ದು ಆಸಿಡ್‌ನಲ್ಲಿ ಕರಗಿಸಿದ. ಹಲ್ಲನ್ನು ಮಾತ್ರ ನೆನಪಿಗೆ ಅಂತ ಮನೆಗೆ ಒಯ್ದ.

ಆ ಹಲ್ಲಿಗೆ ಆಮೇಲೆ ಬರ್ತೀವಿ. ಕಾಂಗೋ ಪಕ್ಕದ ರುವಾಂಡ. ಮೊದಲ ಮಹಾಯುದ್ಧ ಆದ ಮೇಲೆ ಜರ್ಮನಿಯಿಂದ ಕಿತ್ತು ಬೆಲ್ಜಿಯಂಗೆ ಕೊಟ್ಟ ಸೀಮೆ. ಅಲ್ಲಿ ಹುಟು, ಟುಟ್ಸಿ, ಟ್ವಾ ಅನ್ನೋ ಜನ. ಒಂದೇ ಭಾಷೆ, ಒಂದೇ ಬೆಟ್ಟದ ಮೇಲೆ ಬಾಳು. ದನ ಇದ್ದವನು, ಇಲ್ಲದವನು ಅನ್ನೋ ಅಂತರ ಇತ್ತು, ದಬ್ಬಾಳಿಕೆಯೂ ಇತ್ತು, ಆದರೆ ಗೆರೆ ಅಷ್ಟು ಬಿಗಿ ಇರಲಿಲ್ಲ. ಬೆಲ್ಜಿಯಂನವರು ಮೂಗು ತಲೆ ಅಳೆದು ಟುಟ್ಸಿ ಮೇಲಿನವನು ಅಂದರು, 1930ರ ದಶಕದಲ್ಲಿ ಒಬ್ಬೊಬ್ಬರ ಕೈಗೂ ಹುಟ್ಟು ಬರೆದ ಗುರುತಿನ ಚೀಟಿ ಕೊಟ್ಟರು. ಹೋಗೋ ಹೊತ್ತಿಗೆ ಹುಟುಗಳ ಕಡೆ ವಾಲಿದರು. ಚೀಟಿ ಉಳೀತು. 1994ರಲ್ಲಿ ನೂರು ದಿನದಲ್ಲಿ ಸುಮಾರು ಎಂಟು ಲಕ್ಷ ಜನರನ್ನು ಕೊಚ್ಚಿದಾಗ ರಸ್ತೆ ತಡೆಗಳಲ್ಲಿ ಕೇಳಿದ್ದು ಅದೇ ಚೀಟಿ. ಕೊಂದವರು ರುವಾಂಡದವರೇ, ಆ ಪಾಪ ಅವರದ್ದೇ. ಶಾಂತಿಪಡೆಯ ಹತ್ತು ಮಂದಿ ಬೆಲ್ಜಿಯಂ ಸೈನಿಕರೂ ಸತ್ತರು. ಅದಾದ ಮೇಲೆ ಬೆಲ್ಜಿಯಂ ತನ್ನ ಸೈನ್ಯ ವಾಪಸ್ಸು ಕರೆಸಿಕೊಂಡಿತು. ಕಿಗಾಲಿಯ ಒಂದು ಶಾಲೆಯಲ್ಲಿ ಅವರನ್ನು ನಂಬಿ ಸೇರಿದ್ದ ಸುಮಾರು ಎರಡು ಸಾವಿರ ಜನ ಕೊಲೆಗಾರರ ಬಾಯಿಗೆ ಬಿದ್ದರು. 2000ದಲ್ಲಿ ಪ್ರಧಾನಿ ವೆರ್‌ಹೊಫ್ಸ್ಟಾಟ್ ಕಿಗಾಲಿಗೆ ಹೋಗಿ ಕ್ಷಮೆ ಕೇಳಿದರು.

ಇಲ್ಲಿ ಒಬ್ಬ ಗೆಳೆಯ ಕೇಳಬಹುದು: ನಮ್ಮ ಹತ್ತಿರವೂ ಜಾತಿ ಸರ್ಟಿಫಿಕೇಟು ಇದೆಯಲ್ಲ, ಹಾಗಾದ್ರೆ ಅದೂ ತಪ್ಪಾ? ಎರಡನ್ನೂ ಒಂದೇ ಮಾಡಬೇಡಿ. ಧಣಿ ಮೇಲು ಕೀಳು ಗೆರೆ ಎಳೆಯೋಕೆ ಕೊಟ್ಟ ಚೀಟಿ ಬೇರೆ. ಗೆರೆ ಆಗಲೇ ಇದೆ, ನಮ್ಮ ಪಾಲು ಕೊಡಿ ಅಂತ ನಾವು ಕೇಳಿ ತಗೊಂಡ ಚೀಟಿ ಬೇರೆ. ಹಾಗಿದ್ದೂ, ಯಾವ ಚೀಟಿ ಯಾರ ಕೈಗೆ ಹೋದರೆ ಏನಾಗುತ್ತೆ ಅನ್ನೋ ಎಚ್ಚರ ಇರಲಿ.

ಇವತ್ತಿನ ಬೆಲ್ಜಿಯಂ ಯಾವ ಯುದ್ಧವನ್ನೂ ಹೂಡುವ ದೊಡ್ಡ ಶಕ್ತಿ ಅಲ್ಲ. ಆದರೆ ಯುದ್ಧ ಮತ್ತು ವ್ಯಾಪಾರ ತೀರ್ಮಾನ ಆಗೋ ಕುರ್ಚಿಗಳು ಅಲ್ಲಿವೆ. ಬ್ರಸೆಲ್ಸ್‌ನಲ್ಲಿ ಯುರೋಪಿಯನ್ ಒಕ್ಕೂಟದ ಆಯೋಗ ಇದೆ. 1967ರಿಂದ ನೇಟೋ ಸೈನಿಕ ಕೂಟದ ಮುಖ್ಯ ಕಚೇರಿಯೂ ಅಲ್ಲೇ. ಆಂಟ್‌ವರ್ಪಿನ ವಜ್ರದ ವ್ಯಾಪಾರದಲ್ಲಿ ಗುಜರಾತಿನ ಪಾಲನ್‌ಪುರದ ಜೈನ ಮನೆತನಗಳು ದೊಡ್ಡ ಕೈ. ಯೂನಿಯನ್ ಮಿನಿಯೇರ್ 2001ರಲ್ಲಿ ಯೂಮಿಕೋರ್ ಅಂತ ಹೆಸರು ಬದಲಿಸಿಕೊಂಡು, ಬ್ಯಾಟರಿಗೆ ಬೇಕಾದ ಕೋಬಾಲ್ಟ್ ಸಂಸ್ಕರಿಸೋ ಕಂಪನಿಯಾಗಿದೆ. ಲೋಕದ ಕೋಬಾಲ್ಟಿನಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚು ಬರೋದು ಅದೇ ಹಳೇ ಕಾಂಗೋ ನೆಲದಿಂದ, ಅದು ನಮ್ಮ ಜೇಬಿನ ಮೊಬೈಲಿನಲ್ಲೂ ಇದೆ.

ಬರೀ ಕೆಟ್ಟದ್ದನ್ನೇ ಹೇಳಿದರೆ ಅನ್ಯಾಯ ಆಗುತ್ತೆ. 1927ರಲ್ಲಿ ಸಾಮ್ರಾಜ್ಯಶಾಹಿ ವಿರುದ್ಧದ ದೊಡ್ಡ ಸಮ್ಮೇಳನ ನಡೆದದ್ದು ಬ್ರಸೆಲ್ಸ್‌ನಲ್ಲೇ, ನೆಹರೂ ಅಲ್ಲಿಗೆ ಹೋಗಿದ್ದರು. 1915ರಲ್ಲಿ ಈಪ್ರ್ ಊರಿನ ಬಳಿ ಜರ್ಮನ್ನರು ವಿಷಗಾಳಿ ಬಿಟ್ಟಾಗ ಆ ಕಾಳಗಕ್ಕೆ ಭಾರತದ ಸಿಪಾಯಿಗಳನ್ನೂ ಇಳಿಸಿದ್ದರು. ಅಲ್ಲಿನ ಮೆನಿನ್ ಬಾಗಿಲ ಗೋಡೆ ಮೇಲೆ ಅವರ ಹೆಸರೂ ಇದೆ. 1993ರಲ್ಲಿ ಬೆಲ್ಜಿಯಂ ಒಂದು ಕಾನೂನು ಮಾಡಿತು: ಲೋಕದ ಎಲ್ಲೇ ಯುದ್ಧಾಪರಾಧ ಮಾಡಿದವನನ್ನೂ ನಮ್ಮ ಕೋರ್ಟಿಗೆ ಎಳೀಬಹುದು ಅಂತ. 2001ರಲ್ಲಿ ನಾಲ್ವರು ರುವಾಂಡದವರಿಗೆ ಶಿಕ್ಷೆಯೂ ಆಯಿತು. ಅಮೆರಿಕದ ದೊಡ್ಡವರ ಮೇಲೆ ದೂರು ಬಿದ್ದಾಗ ಮಾತ್ರ, ನೇಟೋ ಕಚೇರಿ ಎತ್ತಿಸ್ತೀವಿ ಅನ್ನೋ ಬೆದರಿಕೆ ಬಂದು 2003ರಲ್ಲಿ ಕಾನೂನಿನ ಹಲ್ಲು ಕಿತ್ತರು.

ಈಗ ಆ ಇನ್ನೊಂದು ಹಲ್ಲು. 2002ರಲ್ಲಿ ಲುಮುಂಬರ ಸಾವಿಗೆ ತನ್ನ ನೈತಿಕ ಹೊಣೆ ಒಪ್ಪಿ ಬೆಲ್ಜಿಯಂ ಸರ್ಕಾರ ಕ್ಷಮೆ ಕೇಳಿತು. 2022ರ ಜೂನ್ 20ರಂದು ಆ ಹಲ್ಲನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಅವರ ಮಕ್ಕಳಿಗೆ ಕೊಟ್ಟರು. ಅದನ್ನು ಶವಪೆಟ್ಟಿಗೆಯಲ್ಲಿಟ್ಟು ಕಾಂಗೋದಲ್ಲಿ ಊರೂರು ಮೆರವಣಿಗೆ ಮಾಡಿ, ಜೂನ್ 30ರಂದು ಕಿನ್ಶಾಸದಲ್ಲಿ ಮಣ್ಣು ಮಾಡಿದರು. ಗೋರಿ ಆಗಬಾರದು ಅಂತ ಆಸಿಡ್ ಸುರಿದರಲ್ಲ, 61 ವರ್ಷ ಆದ ಮೇಲೆ ಗೋರಿ ಆಯಿತು.

ಲಿಯೋಪೋಲ್ಡನ ಕಾಲಕ್ಕೆ ಮಾತ್ರ ಇನ್ನೂ ಕ್ಷಮೆ ಬಂದಿಲ್ಲ. 2020ರಲ್ಲಿ ರಾಜ ಫಿಲಿಪ್ ಪತ್ರ ಬರೆದು ಆಳವಾದ ವಿಷಾದ ಅಂದ. 2022ರಲ್ಲಿ ಕಿನ್ಶಾಸಕ್ಕೆ ಹೋಗಿಯೂ ವಿಷಾದ ಅಂದ. ಪಾರ್ಲಿಮೆಂಟಿನ ಸಮಿತಿಯೊಂದು ಎರಡೂವರೆ ವರ್ಷ ಕೂತು, 2022ರ ಡಿಸೆಂಬರಿನಲ್ಲಿ 'ಕ್ಷಮೆ' ಅನ್ನೋ ಒಂದು ಪದಕ್ಕೆ ಒಪ್ಪಿಗೆ ಆಗದೆ ಎದ್ದು ಹೋಯಿತು. ಕ್ಷಮೆ ಕೇಳಿದರೆ ಪರಿಹಾರ ಕೊಡಬೇಕಾದೀತು ಅನ್ನೋ ಹೆದರಿಕೆ. ವಿಷಾದಕ್ಕೆ ಖರ್ಚಿಲ್ಲ.

ಖರ್ಚು ಬಿದ್ದದ್ದು ಐವರು ಹೆಂಗಸರಿಂದ. ಕಾಂಗೋದಲ್ಲಿ ಬಿಳಿಯ ಅಪ್ಪಂದಿರಿಗೆ, ಕರಿಯ ತಾಯಂದಿರಿಗೆ ಹುಟ್ಟಿದವರು ಇವರು. ಇಂಥ ಮಕ್ಕಳನ್ನು ತಾಯಿ ಮಡಿಲಿಂದ ಕಿತ್ತು ದೂರದ ಮಿಷನ್‌ಗಳಲ್ಲಿ ಕೂಡಿಹಾಕೋದು ಸರ್ಕಾರದ ಪದ್ಧತಿಯೇ ಆಗಿತ್ತು. ಈ ಐವರಿಗೂ ಆಗ ಏಳು ವರ್ಷ ತುಂಬಿರಲಿಲ್ಲ. ಎಪ್ಪತ್ತು ದಾಟಿದ ಮೇಲೆ ಬ್ರಸೆಲ್ಸ್ ಕೋರ್ಟಿಗೆ ಹೋದರು. 2021ರಲ್ಲಿ ಕೆಳಗಿನ ಕೋರ್ಟು, ಆ ಕಾಲಕ್ಕೆ ಅದು ಅಪರಾಧ ಆಗಿರಲಿಲ್ಲ ಅಂತ ಕೈ ತೊಳಕೊಂಡಿತು. ಅಜ್ಜಿಯರು ಬಿಡಲಿಲ್ಲ, ಮೇಲಿನ ಕೋರ್ಟಿಗೆ ಹೋದರು. 2024ರ ಡಿಸೆಂಬರ್ 2ರಂದು ಆ ಕೋರ್ಟು, ಇದು ಮಾನವಕುಲದ ಮೇಲೆ ಎಸಗಿದ ಅಪರಾಧ, ಮಾಡಿದ್ದು ಬೆಲ್ಜಿಯಂ ರಾಜ್ಯ ಅಂತ ತೀರ್ಪು ಬರೆದು, ಐವರಿಗೂ ತಲಾ 50,000 ಯೂರೋ ಕೊಡು ಅಂತ ಹೇಳಿತು.